ಕುದುರೆಮುಖಕ್ಕೆ ಎರಡೇ ಜೊತೆ ಬಟ್ಟೆ

ಮಳೆ ಶುರುವಾಯ್ತು, ಎಲ್ಲರ ಸ್ಟೇಟಸ್‌ನಲ್ಲೂ ಕುದುರೆಮುಖ. ಶುಕ್ರವಾರ ರಾತ್ರಿ ಬಸ್, ಸೋಮವಾರ ಬೆಳಗ್ಗೆ ವಾಪಸ್. ಇಷ್ಟಕ್ಕೆ ಬ್ಯಾಗ್‌ನಲ್ಲಿ ಏನಿರ್ಬೇಕು?

ಮೊದಲ ಸಲ ನಾನು ಎರಡು ಜೀನ್ಸ್, ದಪ್ಪ ಟವೆಲ್ ಎಲ್ಲಾ ತುಂಬ್ಕೊಂಡು ಹೋಗಿದ್ದೆ. ಶನಿವಾರ ನೆನೆದ ಜೀನ್ಸ್ ಭಾನುವಾರವೂ ಒಣಗಲಿಲ್ಲ. ಮಳೆಗಾಲದ ಮಲೆನಾಡಲ್ಲಿ ಗಾಳಿಯಲ್ಲೇ ನೀರು, ದಪ್ಪ ಹತ್ತಿ ಬಟ್ಟೆ ಎಲ್ಲಿ ಒಣಗುತ್ತೆ? ಆ ಒದ್ದೆ ಮೂಟೆ ಹೊತ್ತು ಬಸ್‌ಸ್ಟ್ಯಾಂಡ್ ಮುಟ್ಟೋ ಹೊತ್ತಿಗೆ ಬೆಂಗಳೂರಿನ ಬಸ್ ಹೊರಟುಹೋಗಿತ್ತು. ಸೋಮವಾರದ ಸಂಬಳ ಕಟ್!

ಈಗ ಎರಡೇ ಜೊತೆ. ಒಂದು ನೆನೆಯೋಕೆ, ಇನ್ನೊಂದು ಬಸ್ಸಿಗೆ ಮತ್ತು ಮಲಗೋಕೆ. ನೆನೆಯೋದು ತೆಳು ಪಾಲಿಯೆಸ್ಟರ್ ಟೀಶರ್ಟ್, ಟ್ರ್ಯಾಕ್ ಪ್ಯಾಂಟ್. ಹಿಂಡಿದ್ರೆ ಅರ್ಧ ನೀರು ಅಲ್ಲೇ ಹೋಗುತ್ತೆ. ಕಷ್ಟದ ಭಾಗ ಅಂದ್ರೆ, ಭಾನುವಾರ ಬೆಳಗ್ಗೆ ಆ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕ್ಕೋಬೇಕು. ಹತ್ತು ನಿಮಿಷ ಮೈ ಜುಮ್ಮನ್ನುತ್ತೆ. ಆಮೇಲೆ ಹೇಗೂ ಮಳೆ ಬರುತ್ತಲ್ಲ! ಆಸೆಪಟ್ಟು ಒಣಬಟ್ಟೆ ಹಾಕ್ಕೊಂಡ್ರೋ, ರಾತ್ರಿ ಬಸ್ಸಲ್ಲಿ ನಡುಗ್ತಾ ಬರ್ತೀರಿ.

ಒಣಬಟ್ಟೆ ಕವರ್‌ನೊಳಗೆ ಗಂಟು ಹಾಕಿರಲಿ. ಬ್ಯಾಗಿನ ರೇನ್‌ಕವರ್ ನಂಬ್ಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತೆ. ಟವೆಲ್ ಬದಲು ಬೈರಾಸು ಸಾಕು, ಊರಲ್ಲಿ ಅಜ್ಜ ಹೆಗಲಿಗೆ ಹಾಕ್ಕೋತಾರಲ್ಲ, ಅದೇ.

ಸಾಕ್ಸ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮೂರು ಜೊತೆ ಇಡಿ. 1,894 ಮೀಟರ್ ಎತ್ತರದ ಶಿಖರಕ್ಕೆ ಹೋಗಿಬರೋದು ಸುಮಾರು 20 ಕಿಲೋಮೀಟರ್ ನಡಿಗೆ. ಒದ್ದೆ ಸಾಕ್ಸಲ್ಲಿ ಪಾದಕ್ಕೆ ಬೊಬ್ಬೆ ಗ್ಯಾರಂಟಿ. ಪ್ಯಾಂಟಿನ ತುದಿಯನ್ನ ಸಾಕ್ಸ್ ಒಳಗೆ ತುರುಕಿ, ಇಂಬಳ ಹತ್ತೋದೂ ಸ್ವಲ್ಪ ಕಡಿಮೆಯಾಗುತ್ತೆ.