ಹುರಿದ ಕಡಲೇಕಾಯಿಗೂ ಶುಚಿ ಬೇಕು

ಕಡಲೇಕಾಯಿ ಎನ್ನಿ, ಶೇಂಗಾ ಎನ್ನಿ, ರಾಯದುರ್ಗ ಮಡಕಶಿರಗಳ ಮಳೆ ನಂಬಿದ ಹೊಲಗಳಲ್ಲಿ ನಮ್ಮ ಬಾಳು ನಿಂತಿರುವುದು ಈ ಕಾಯಿಯ ಮೇಲೆ. ಸಂತೆ, ಜಾತ್ರೆ, ಬಸ್ಸು ನಿಲ್ಲುವ ಎಡೆಗಳಲ್ಲಿ ಮಕ್ಕಳ ಕೈಗೆ ಮೊದಲು ಬರುವ ತಿಂಡಿಯೂ ಇದೇ. ಬೆಂಕಿ ಕಂಡ ಪದಾರ್ಥಕ್ಕೆ ಯಾವ ದೋಷವೆಂದು ನಾವೆಲ್ಲ ನಿಶ್ಚಿಂತೆಯಿಂದ ತಿನ್ನುತ್ತೇವೆ. ಬೆಂಕಿಯಿಂದ ಇಳಿಸಿದ ಮೇಲೆ ಆಗುವ ಅಚಾತುರ್ಯವನ್ನು ಮಾತ್ರ ಗಮನಿಸುವುದಿಲ್ಲ.

ಕಾಯಿ ಬಲಿಯುವುದು ಮಣ್ಣಿನೊಳಗೆ. ಹಸಿ ಗೊಬ್ಬರದಿಂದಲೂ, ಕಣದಲ್ಲಿ ಓಡಾಡುವ ಇಲಿ, ಹಕ್ಕಿಗಳ ಹಿಕ್ಕೆಯಿಂದಲೂ ಸಾಲ್ಮೊನೆಲ್ಲಾ ಮೊದಲಾದ ರೋಗಾಣುಗಳು ಸಿಪ್ಪೆಗೆ ಅಂಟಬಹುದು. ಚೆನ್ನಾಗಿ ಹುರಿದರೆ ಇವು ಬಹುಮಟ್ಟಿಗೆ ನಾಶವಾಗುತ್ತವೆ. ಆದರೆ ಹುರಿದುದನ್ನು ಹಸಿಕಾಯಿಯ ಗೋಣಿಗೇ ಸುರಿದರೆ, ತೊಳೆಯದ ಕೈಯಿಂದ ಅಳೆದರೆ, ರೋಗಾಣು ಮರಳಿ ಸೇರುತ್ತದೆ. ಒಣಬೀಜದಲ್ಲಿ ಅದು ವೃದ್ಧಿಯಾಗದು, ನಿಜ. ಆದರೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಬೀಜದ ಎಣ್ಣೆಯಂಶವು ಅದನ್ನು ಜಠರದ ಆಮ್ಲದಿಂದ ಕಾಪಾಡುವುದರಿಂದ ಅಲ್ಪ ಪ್ರಮಾಣವೂ ಕಾಯಿಲೆ ತರಬಹುದು.

ದೊಡ್ಡ ಕಾರ್ಖಾನೆಗೂ ಇದರಿಂದ ವಿನಾಯಿತಿಯಿಲ್ಲ. 2008-09ರಲ್ಲಿ ಅಮೆರಿಕದಲ್ಲಿ ಕಡಲೇಬೀಜದ ಬೆಣ್ಣೆ ಮತ್ತು ಅದರ ತಿನಿಸುಗಳಿಂದ 46 ರಾಜ್ಯಗಳ 714 ಮಂದಿ ಸಾಲ್ಮೊನೆಲ್ಲಾ ಬೇನೆಗೆ ಸಿಕ್ಕಿದರು. 9 ಸಾವುಗಳಿಗೆ ಅದು ಕಾರಣವಾಗಿರಬಹುದೆಂದು ಎಣಿಸಲಾಯಿತು. ಜಾರ್ಜಿಯಾ ರಾಜ್ಯದ ಆ ಕಾರ್ಖಾನೆಯಲ್ಲಿ ಕಂಡದ್ದು ಸೋರುವ ಮಾಡು ಮತ್ತು ಇಲಿಗಳ ಕಾಟ. ರೋಗಾಣು ಕಂಡಿದ್ದರೂ ಮಾಲು ಕಳುಹಿಸಿದ ಮಾಲೀಕನಿಗೆ 2015ರಲ್ಲಿ 28 ವರ್ಷಗಳ ಸೆರೆವಾಸವಾಯಿತು.

ಬೇಯಿಸಿದ ಕಾಯಿಯ ಮತ್ತು ಈರುಳ್ಳಿ, ಕೊತ್ತಂಬರಿ ಬೆರೆಸಿದ ಬೀಜದ ವಿಷಯದಲ್ಲಿ ಇನ್ನೂ ಎಚ್ಚರಬೇಕು. ತೇವ ಸಿಕ್ಕಿದರೆ ರೋಗಾಣುಗಳು ಕೆಲವೇ ಗಂಟೆಗಳಲ್ಲಿ ಬೆಳೆಯುತ್ತವೆ. ಬೆಳಗ್ಗೆ ಬೇಯಿಸಿ ತಣ್ಣಗಾದುದನ್ನು ಸಂಜೆಗೆ ಮಾರುವುದೂ, ತಿನ್ನುವುದೂ ಸಲ್ಲದು.

ಹಾಗಾದರೆ ನಾವು ಮಾಡಬೇಕಾದುದೇನು? ಬೆಳೆಗಾರರು ಕಾಯಿಯನ್ನು ಶುದ್ಧ ಕಣದಲ್ಲಿ ಗಲಗಲ ಎನ್ನುವಂತೆ ಒಣಗಿಸಿ, ಇಲಿ ಬಾರದ, ಮಾಡು ಸೋರದ ಕಡೆ ಇಡಬೇಕು. ಮಾರುವವರು ಹುರಿದುದಕ್ಕೆ ಬೇರೆ ಡಬ್ಬಿ, ಮುಚ್ಚಳ, ಸೌಟು ಇಟ್ಟುಕೊಳ್ಳಬೇಕು. ಪೊಟ್ಟಣ ಬಿಡಿಸಲು ಬಾಯಿಂದ ಊದಬಾರದು. ಕೈಯಲ್ಲಿ ಕೀವುಗಾಯವಿದ್ದರೆ ವಾಸಿಯಾಗುವವರೆಗೆ ತಿಂಡಿ ಮುಟ್ಟಬಾರದು. ಹಳೆಯ ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಚ್ಚರಿಸಿದೆ. ತೊಳೆದು ಒರೆಸಿದ ಮುತ್ತುಗದ ಎಲೆ ಇದಕ್ಕಿಂತ ಎಷ್ಟೋ ಮೇಲು. ಕೊಳ್ಳುವವರು ಕಣ್ಣೆದುರು ಹುರಿದ ಬಿಸಿಕಾಯಿಯನ್ನೇ ಕೇಳಿ, ಕೈ ತೊಳೆದು ಸುಲಿದು ತಿನ್ನಬೇಕು.

ಇಷ್ಟಾಗಿಯೂ ಮಗುವಿಗೆ ವಾಂತಿಭೇದಿ ಹತ್ತಿದರೆ ಜೀವಜಲದ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಮಲದಲ್ಲಿ ರಕ್ತ, ಜ್ವರ, ಇಲ್ಲವೆ ಮೂತ್ರ ಕಡಿಮೆಯಾಗಿ ಮಂಕು ಕವಿದಂತೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ತಳ್ಳುಗಾಡಿಯವನ ಅನ್ನವನ್ನು ಕಸಿಯಬೇಕೆಂಬ ಉದ್ದೇಶ ನಮ್ಮದಲ್ಲ. ಆತ ಕೊಳ್ಳುವುದು ನಮ್ಮ ಹೊಲದ ಕಾಯಿಯನ್ನೇ. ಒಂದು ಮುಚ್ಚಳ, ಒಂದು ಸೌಟು, ಒಂದು ತುಂಡು ಸಾಬೂನಿನ ಖರ್ಚಿನಿಂದ ಆತನ ವ್ಯಾಪಾರವೂ ನಮ್ಮ ಮಕ್ಕಳ ಆರೋಗ್ಯವೂ ಉಳಿಯುವುದಾದರೆ, ಅದಕ್ಕಿಂತ ಅಗ್ಗದ ಔಷಧ ಯಾವುದಿದೆ?