ನಿಷ್ಠೆ ಮೊದಲು ಸಡಿಲವಾದದ್ದು ಯಾರ ಕಡೆಯಿಂದ?

"ಈಗಿನ ಕೆಲಸಗಾರರಿಗೆ ನಿಷ್ಠೆಯೇ ಇಲ್ಲ." ಈ ದೂರು ಎಲ್ಲೆಲ್ಲೂ ಇದೆ. ಆದರೆ ಬೆಂಗಳೂರಿನ ಪೂರ್ವ ಭಾಗದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1948ರಲ್ಲಿ ಕೆ.ಆರ್. ಪುರದ ಬಳಿ ಶುರುವಾದ ಸರ್ಕಾರಿ ದೂರವಾಣಿ ಕಾರ್ಖಾನೆ ಐಟಿಐ, ದೂರವಾಣಿನಗರದಲ್ಲಿ ಕಾಯಂ ಕೆಲಸದ ಜೊತೆಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆಯನ್ನೂ ಕೊಟ್ಟಿತು. ಆಗಲೂ ಜಗಳಗಳಿದ್ದವು. 1980-81ರಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್ ಸೇರಿ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ಮುಗಿದ ಮೇಲೆ ಮರಳಿದ್ದು ಅದೇ ಕಾರ್ಖಾನೆಗಳಿಗೆ. ಯಾಕೆಂದರೆ ನಾಳೆಯ ಭರವಸೆ ಎರಡೂ ಕಡೆ ಇತ್ತು.

ಇಂದು ಪುಲಿಕೇಶಿನಗರದ ಮಾಸ್ಕ್ ರೋಡಿನಿಂದ ಊಟದ ಪಾರ್ಸಲ್ ಒಯ್ಯುವ ಡೆಲಿವರಿ ಹುಡುಗನನ್ನು ಆ್ಯಪ್ ಕಂಪನಿ ತನ್ನ ನೌಕರನೆಂದೇ ಒಪ್ಪುವುದಿಲ್ಲ. ಐಡಿ ಬ್ಲಾಕ್ ಆದರೆ ದುಡಿಮೆ ಅಲ್ಲಿಗೇ ನಿಂತಿತು. ಹೀಗಿರುವಾಗ ಅವನು ನೂರಿನ್ನೂರು ಹೆಚ್ಚು ಸಿಗುವ ಕಡೆ ಹೋದರೆ ಅದು ದ್ರೋಹವಲ್ಲ, ಲೆಕ್ಕಾಚಾರ. ಕಾಯಂ ನೌಕರಿಯ ಹೊರೆಯೇ ಹಳೆಯ ಕಾರ್ಖಾನೆಗಳನ್ನು ಮುಳುಗಿಸಿತು ಎನ್ನುವವರಿದ್ದಾರೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 2002ರಲ್ಲಿ ಮುಚ್ಚಿದ್ದು ನಿಜ. ಆದರೆ ಪೈಪೋಟಿ, ತಂತ್ರಜ್ಞಾನ, ಆಡಳಿತದ ತಪ್ಪುಗಳನ್ನು ಬಿಟ್ಟು ಕಾರ್ಮಿಕನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಜೀವನಪರ್ಯಂತದ ನೌಕರಿಯನ್ನು ಯಾರೂ ಕೇಳುತ್ತಿಲ್ಲ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಕೇಳುವುದೂ ಇಷ್ಟೇ: ಕೆಲಸದಿಂದ ತೆಗೆಯುವ ಮುನ್ನ ಸಕಾರಣ, 14 ದಿನಗಳ ನೋಟಿಸ್, ಪ್ರತಿ ಪಾವತಿಯ ಮೇಲೆ ಶೇಕಡ 1ರಿಂದ 5ರಷ್ಟು ಕಲ್ಯಾಣ ಶುಲ್ಕ. ಇಷ್ಟನ್ನೂ ಕೊಡದ ಮಾಲೀಕರಿಗೆ ನಿಷ್ಠೆ ಕೇಳುವ ಹಕ್ಕಿಲ್ಲ.