ಹೊಸ ಕಾರಿಗೆ ಯಾವ ಆಯಿಲ್? ಡಬ್ಬಿ ಮೇಲಿನ ನಂಬರ್ ಓದೋದು ಕಲಿಯಿರಿ

ಹೊಸ ಕಾರು ಮನೆಗೆ ಬಂದಿದೆ. ದೇವಸ್ಥಾನದ ಮುಂದೆ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದ್ದಾಯ್ತು, ಓಣಿಯವರಿಗೆಲ್ಲ ಪೇಡಾ ಹಂಚಿದ್ದಾಯ್ತು, ಸೀಟಿನ ಪ್ಲಾಸ್ಟಿಕ್ ಕವರ್ ತೆಗೆಯಲು ಇನ್ನೂ ಮನಸ್ಸು ಬಂದಿಲ್ಲ. ಸರಿ, ಬಾನೆಟ್ ಒಳಗೆ ಇರೋ ಎಂಜಿನ್ ಆಯಿಲ್ ಯಾವ ನಂಬರಿನದು, ಗೊತ್ತಾ?

'ಅಯ್ಯೋ, ಅದೆಲ್ಲ ನಮ್ಮೆಜಮಾನ್ರ ಖಾತೆ' ಅಂತೀರಾ? ಒಗ್ಗರಣೆಗೆ ಯಾವ ಎಣ್ಣೆ, ಕರಿಯೋದಕ್ಕೆ ಯಾವುದು, ಮಗುವಿನ ಮೈಗೆ ಹಚ್ಚೋಕೆ ಯಾವುದು ಅಂತ ನಿದ್ದೆಗಣ್ಣಲ್ಲೂ ಹೇಳುವ ನಮಗೆ ಇದೇನು ಕಷ್ಟವಲ್ಲ. ಈಗಂತೂ ಮಕ್ಕಳನ್ನು ಶಾಲೆಗೆ ಬಿಡೋದು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯೋದು, ಸರ್ವೀಸಿಗೆ ಕಾರು ಬಿಟ್ಟು ಬರೋದು ಎಲ್ಲ ನಮ್ಮ ಪಾಲಿಗೇ ಬಂದಿದೆ. ಕೌಂಟರಿನಲ್ಲಿ ಕೂತ ಹುಡುಗ 'ಮೇಡಂ, ಯಾವ ಆಯಿಲ್ ಹಾಕ್ಲಿ?' ಅಂದಾಗ ಮನೆಗೆ ಫೋನ್ ಮಾಡಬೇಕಾದ ಅಗತ್ಯವಿಲ್ಲ.

ಸಲಹೆಗಂತೂ ಬರವಿಲ್ಲ ಬಿಡಿ. ನಿಮ್ಮ ತವರು ಸೊರಬ ತಾಲ್ಲೂಕಿನ ಉಳವಿ ಕಡೆ ಎಂದಿಟ್ಟುಕೊಳ್ಳಿ (ಜೋಯಿಡಾದಲ್ಲಿರುವ ಚನ್ನಬಸವಣ್ಣನ ಉಳವಿ ಅಲ್ಲ, ನಮ್ಮ ಶಿವಮೊಗ್ಗ ಜಿಲ್ಲೆಯದು). ಬೆಂಗಳೂರಿನಿಂದ ಹೊಸ ಕಾರಿನಲ್ಲಿ ಹೋಗಿ ಅಂಗಳದಲ್ಲಿ ನಿಲ್ಲಿಸಿದ ಕೂಡಲೇ ಅಪ್ಪ, ಅಣ್ಣ, ಪಕ್ಕದ ಮನೆ ಭಾವ ಎಲ್ಲ ಸೇರಿ ಬಾನೆಟ್ ಎತ್ತುತ್ತಾರೆ. ಆಯಿಲ್ ಬೆರಳಿಗೆ ಹಚ್ಚಿ ನೋಡಿ, 'ಇದೇನೇ, ನೀರಿನ ಥರ ಐತಲ್ಲ! ನಮ್ಮ ಟ್ರ್ಯಾಕ್ಟರಿಂದು ಒಂದು ಲೀಟರ್ ಹಾಕ್ತೀನಿ ತಡಿ' ಅನ್ನುತ್ತಾರೆ. ಅವರ ಮಾತಿನಲ್ಲಿ ಪ್ರೀತಿ ಇದೆ, ನಲವತ್ತು ವರ್ಷ ಎಂಜಿನ್ ಸಾಕಿದ ಅನುಭವವೂ ಇದೆ. ಆದರೆ ಆ ಸಲಹೆ ನಿಮ್ಮ ಹೊಸ ಕಾರಿಗೆ ಹೊಂದುವುದಿಲ್ಲ. ಯಾಕೆ ಅಂತ ನೋಡೋಣ.

ಜೋನಿಬೆಲ್ಲದ ಪಾಠ

ಸಾಗರ, ಸೊರಬ, ಸಿರಸಿ ಕಡೆಯ ಜೋನಿಬೆಲ್ಲ ನಿಮಗೆ ಗೊತ್ತಿದೆ. ಡಿಸೆಂಬರ್ ಬೆಳಿಗ್ಗೆ ಡಬ್ಬಿ ಬಗ್ಗಿಸಿದರೆ ಇಳಿಯೋದೇ ಇಲ್ಲ, ಒಲೆ ಪಕ್ಕ ಇಟ್ಟರೆ ಧಾರೆಯಾಗಿ ಇಳಿಯುತ್ತೆ. ದ್ರವವೊಂದು ಹೀಗೆ ಎಷ್ಟು ಮಂದ, ಎಷ್ಟು ತೆಳು ಅನ್ನುವ ಗುಣಕ್ಕೆ ಪಠ್ಯಪುಸ್ತಕದಲ್ಲಿ ಸ್ನಿಗ್ಧತೆ ಅಂತ ಹೆಸರು. ಆಯಿಲ್ ಡಬ್ಬಿ ಮೇಲೆ ಬರೆದಿರೋದು ಇದನ್ನೇ.

ಎಂಜಿನ್ ಆಯಿಲ್ ಕೂಡ ತಣ್ಣಗಿದ್ದಾಗ ಮಂದ, ಕಾದಾಗ ತೆಳು. 40 ಡಿಗ್ರಿ ಶಾಖದಲ್ಲಿ ಇದ್ದದ್ದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಐದಾರು ಪಟ್ಟು ತೆಳುವಾಗುತ್ತದೆ. ಇಲ್ಲಿ ಎರಡು ಪೇಚು ಇವೆ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಆಯಿಲ್ ಕೆಳಗಿನ ತಟ್ಟೆಯಿಂದ ಎಂಜಿನ್ನಿನ ನೆತ್ತಿವರೆಗೂ ಬೇಗ ಏರಬೇಕು. ಅದಕ್ಕೆ ತೆಳು ಇದ್ದರೆ ಒಳ್ಳೆಯದು. ಕಾದ ಮೇಲೆ ಲೋಹಕ್ಕೆ ಲೋಹ ತಾಗದಂತೆ ನಡುವೆ ಪದರವಾಗಿ ನಿಲ್ಲಬೇಕು; ಅದಕ್ಕೆ ತೀರಾ ನೀರಾಗಬಾರದು. ಈ ಎರಡನ್ನೂ ನಿಭಾಯಿಸೋ ಹಾಗೆ ತಯಾರಿಸಿದ್ದೇ ಮಲ್ಟಿಗ್ರೇಡ್ ಆಯಿಲ್. ಅದಕ್ಕೇ ಡಬ್ಬಿ ಮೇಲೆ ಎರಡು ನಂಬರ್.

ನಂಬರ್ ಓದುವುದು ಹೀಗೆ

5ಡಬ್ಲ್ಯು-30 ಅಂತ ಇದೆ ಎಂದುಕೊಳ್ಳಿ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ನಂಬರ್ ಚಳಿಯದು, ಮುಂದಿನದು ಬಿಸಿಯದು. ಚಳಿ ನಂಬರ್ ಸಣ್ಣದಾದಷ್ಟೂ ಕೊರೆಯುವ ಚಳಿಯಲ್ಲೂ ಆಯಿಲ್ ಹರಿಯುತ್ತೆ. 0ಡಬ್ಲ್ಯು ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯು ಅನ್ನು ಮೈನಸ್ 30ರಲ್ಲಿ, 15ಡಬ್ಲ್ಯು ಅನ್ನು ಮೈನಸ್ 20ರಲ್ಲಿ ಪರೀಕ್ಷೆ ಮಾಡುತ್ತಾರೆ. ಬಿಸಿ ನಂಬರ್ 100 ಡಿಗ್ರಿಯಲ್ಲಿ ಅಳೆದದ್ದು. 20 ಅಂದರೆ ತೆಳು, 30 ಮಧ್ಯಮ, 40 ದಪ್ಪ, 50 ಇನ್ನೂ ದಪ್ಪ. ಅಮೆರಿಕದ ಎಸ್‌ಎಇ ಅನ್ನುವ ಎಂಜಿನಿಯರುಗಳ ಸಂಘ 1911ರಲ್ಲಿ ಶುರುಮಾಡಿದ ಈ ಲೆಕ್ಕವನ್ನು ಈಗ ಪ್ರಪಂಚವೆಲ್ಲ ಬಳಸುತ್ತೆ.

ಒಂದು ಮಾತು ನೆನಪಿಡಿ. ಈ ನಂಬರುಗಳು ದರ್ಜೆಯ ಹೆಸರು ಅಷ್ಟೆ, ಡಿಗ್ರಿ ಅಲ್ಲ. ದೊಡ್ಡ ನಂಬರ್ ಅಂದರೆ ಹೆಚ್ಚು ಗುಣಮಟ್ಟ ಅಂತಲೂ ಅಲ್ಲ.

'ನಮ್ಮ ಸೆಕೆಗೆ ದಪ್ಪ ಆಯಿಲ್ಲೇ ಸರಿ' - ಹೌದಾ?

ಉಳವಿಯ ಚಳಿ ಎಂದರೆ ಶೀಶೆಯ ಕೊಬ್ಬರಿ ಎಣ್ಣೆ ಗಟ್ಟಿಯಾಗುವಷ್ಟು, ಅಷ್ಟೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಎಲ್ಲೂ ಹಿಮ ಬೀಳೋಲ್ಲ. ಹಾಗಿದ್ದ ಮೇಲೆ 0ಡಬ್ಲ್ಯು ಯಾಕೆ ಬೇಕು ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಸ್ಟಾರ್ಟ್ ಆಗುವ ಮಟ್ಟಿಗೆ ನಮ್ಮ ಹವೆಯಲ್ಲಿ 0ಡಬ್ಲ್ಯುಗೂ 5ಡಬ್ಲ್ಯುಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣೋಲ್ಲ. ನಾವು ಗಮನಿಸಬೇಕಾದ್ದು ಮುಖ್ಯವಾಗಿ ಎರಡನೇ ನಂಬರನ್ನು.

'ಬೇಸಿಗೆಗೆ ದಪ್ಪ ಹಾಕಿಸಿ' ಅನ್ನೋರು ಮರೆಯೋ ಸಂಗತಿ ಒಂದಿದೆ. ಎಂಜಿನ್ನಿನ ಶಾಖವನ್ನು ಹೊರಗಿನ ಹವೆಗಿಂತ ಹೆಚ್ಚಾಗಿ ಥರ್ಮೋಸ್ಟಾಟ್ ನಿರ್ಧರಿಸುತ್ತದೆ. ಶಿಕಾರಿಪುರದ ಏಪ್ರಿಲ್ ಬಿಸಿಲಾಗಲಿ, ಉಳವಿಯ ಜುಲೈ ಮಳೆಯಾಗಲಿ, ಚೆನ್ನಾಗಿ ಓಡಿದ ಮೇಲೆ ಆಯಿಲ್ ಹೆಚ್ಚು ಕಡಿಮೆ 90ರಿಂದ 110 ಡಿಗ್ರಿ ಆಸುಪಾಸಿಗೇ ಬರುತ್ತೆ. ಕಾರಿನ ತುಂಬಾ ಜನ, ಸಾಮಾನು ಹೇರಿಕೊಂಡು ಘಾಟಿ ಹತ್ತಿದರೆ ಇನ್ನಷ್ಟು ಏರುತ್ತೆ ನಿಜ. ಅದನ್ನೂ ಲೆಕ್ಕ ಹಾಕಿಯೇ ಕಂಪನಿಯವರು ನಂಬರ್ ಬರೆದಿರುತ್ತಾರೆ.

ಅಂಬಾಸಿಡರ್, ಫಿಯೆಟ್ ಕಾಲದ ಎಂಜಿನ್ನಿನಲ್ಲಿ ಬಿಡಿಭಾಗಗಳ ನಡುವೆ ಸಂದು ಹೆಚ್ಚಿರುತ್ತಿತ್ತು. ಅಲ್ಲಿಗೆ 20ಡಬ್ಲ್ಯು-40, 20ಡಬ್ಲ್ಯು-50 ಸರಿ. ಇಂದಿನ ಎಂಜಿನ್ನಿನಲ್ಲಿ ಸಂದು ಕೂದಲೆಳೆಗಿಂತ ಸಣ್ಣದು, ವಾಲ್ವಿನ ಸಮಯ ಬದಲಿಸುವ ಕೆಲಸವನ್ನೂ ಎಷ್ಟೋ ಕಾರುಗಳಲ್ಲಿ ಆಯಿಲಿನ ಒತ್ತಡವೇ ಮಾಡುತ್ತೆ. ಅಲ್ಲಿಗೆ ದಪ್ಪ ಆಯಿಲ್ ಸುರಿದರೆ ಬೆಳಿಗ್ಗೆ ಮೇಲೇರಲು ತಡ, ಎಂಜಿನ್ನಿಗೆ ಎಳೆತ, ಮೈಲೇಜೂ ಕಡಿಮೆ. ಶಾವಿಗೆ ಒರಳಿಗೆ ಗಟ್ಟಿ ಹಿಟ್ಟು ಹಾಕಿ ಒತ್ತಿದ ಹಾಗೆ. ಇನ್ನು ಮೈಲೇಜ್ ಆಸೆಗೆ ಹೇಳಿದ್ದಕ್ಕಿಂತ ತೆಳು ಹಾಕಿಸಿದರೆ ಕಾದಾಗ ಪದರ ಸಾಲದೆ ಒಳಗೆ ಸವೆತ. ಎರಡೂ ಬೇಡ.

ಮೊದಲು ಪುಸ್ತಕ ತೆಗೀರಿ

ಹಾಗಾದರೆ ನಿಮ್ಮ ಕಾರಿಗೆ ಯಾವುದು? ಉತ್ತರ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇದೆ. ಓನರ್ಸ್ ಮ್ಯಾನ್ಯುಯಲ್ ಅನ್ನೋ ದಪ್ಪ ಪುಸ್ತಕದಲ್ಲಿ ಎಂಜಿನ್ ಆಯಿಲ್ ಪುಟ ತೆಗೆದು ಮೂರು ವಿಷಯ ಬರೆದಿಟ್ಟುಕೊಳ್ಳಿ.

ಒಂದು, ನಂಬರ್. ಈಗಿನ ಹೊಸ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಇರುತ್ತೆ, ಕೆಲವಕ್ಕೆ 0ಡಬ್ಲ್ಯು-16 ಕೂಡ. ಒಂದಕ್ಕಿಂತ ಹೆಚ್ಚು ನಂಬರ್ ಕೊಟ್ಟು ಪಕ್ಕದಲ್ಲಿ ಹವಾಮಾನದ ಪಟ್ಟಿ ಇದ್ದರೆ ಆ ಪಟ್ಟಿಯೊಳಗೇ ಆರಿಸಿ.

ಎರಡು, ದರ್ಜೆ. ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಎನ್, ಎಸ್‌ಪಿ ಅಂತ ಇರುತ್ತೆ. ಎಸ್‌ಪಿ 2020ರಲ್ಲಿ ಬಂದದ್ದು. ಟರ್ಬೊ ಪೆಟ್ರೋಲ್ ಎಂಜಿನ್ನಿನ ತೊಂದರೆಗಳನ್ನು ಗಮನದಲ್ಲಿಟ್ಟು ಮಾಡಿದ್ದು. ಡೀಸೆಲ್ ಕಾರಾದರೆ ಇನ್ನೂ ಎಚ್ಚರ ಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಬೂದಿ ಹೆಚ್ಚು ಬಿಡುವ ಆಯಿಲ್ ಹಾಕಿದರೆ ಅದು ಕಟ್ಟಿಕೊಳ್ಳುತ್ತೆ. ಹಾಗಾಗಿ ಎಸಿಇಎ ಸಿ2, ಸಿ3 ಎಂಬಂಥ ಗುರುತನ್ನು ಪುಸ್ತಕದಲ್ಲಿ ನೋಡಿ, ಅದನ್ನೇ ಕೇಳಿ.

ಮೂರು, ಎಷ್ಟು ಲೀಟರ್. ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ಲೀಟರ್ ಸಾಕು. ಬಿಲ್ಲಿನಲ್ಲಿ ಐದು ಬರೆದಿದ್ದರೆ ಕೇಳುವ ಹಕ್ಕು ನಿಮಗಿದೆ.

ಬ್ರಾಂಡ್ ಯಾವುದೇ ಇರಲಿ, ಈ ನಂಬರ್ ಮತ್ತು ದರ್ಜೆ ಹೊಂದಿದರೆ ಆಯ್ತು. ತೆಳು ನಂಬರಿನವು ಬಹುತೇಕ ಸಿಂಥೆಟಿಕ್, ಹಾಗಾಗಿ ಬೆಲೆ ಸ್ವಲ್ಪ ಜಾಸ್ತಿ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ವಾರಂಟಿ ಕಳೆದುಕೊಂಡರೆ ಎಂಜಿನ್ ರಿಪೇರಿ ಖರ್ಚು ನಮ್ಮ ತಲೆ ಮೇಲೇ. ತಪ್ಪು ಆಯಿಲಿನಿಂದ ಆದ ಹಾನಿಗೆ ಕಂಪನಿಯವರು ದುಡ್ಡು ಕೊಡೋಲ್ಲ.

ಟ್ರ್ಯಾಕ್ಟರ್ ಆಯಿಲ್ ಟ್ರ್ಯಾಕ್ಟರಿಗೇ ಇರಲಿ

ಈಗ ಅಪ್ಪನ ಟ್ರ್ಯಾಕ್ಟರ್ ಆಯಿಲಿಗೆ ಬರೋಣ. ಅದು ಸಾಮಾನ್ಯವಾಗಿ 15ಡಬ್ಲ್ಯು-40 ಅಥವಾ 20ಡಬ್ಲ್ಯು-40, ಭಾರ ಎಳೆಯುವ ಡೀಸೆಲ್ ಎಂಜಿನ್ನಿಗೆ ಮಾಡಿದ್ದು. ಗದ್ದೆ ಉಳುವ ಎಂಜಿನ್ನಿಗೆ ಅದೇ ಸರಿ. 0ಡಬ್ಲ್ಯು-20 ಕೇಳುವ ಪೆಟ್ರೋಲ್ ಕಾರಿಗೆ ಅದು ಮಂದವೂ ಹೌದು, ಅದರಲ್ಲಿ ಬೆರೆಸಿದ ರಾಸಾಯನಿಕಗಳ ಪ್ರಮಾಣವೂ ಬೇರೆ. ಮನೆಯಲ್ಲಿ ಬೈಕ್ ಇದ್ದರೆ ಅದರ ಆಯಿಲ್ ಕೂಡ ಬೇಡ. ಬೈಕಿನ ಆಯಿಲ್ ಡಬ್ಬಿ ಮೇಲೆ ಜಾಸೋ ಎಂಎ ಅಂತ ಇರುತ್ತೆ. ಆಯಿಲಿನಲ್ಲೇ ಮುಳುಗಿರುವ ಕ್ಲಚ್ ಜಾರದಂತೆ ಮಾಡಿದ್ದು ಅದು. ಕಾರಿನ ಆಯಿಲ್ ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು.

ಅಪ್ಪನಿಗೆ ಬೇಜಾರಾಗದ ಹಾಗೆ ಹೇಳೋದು ಹೇಗೆ? ಪುಸ್ತಕದ ಆ ಪುಟ ತೆರೆದು 'ಅಪ್ಪಾ, ಕಂಪನಿಯವರು ಇದೇ ಬರೆದಿದಾರೆ ನೋಡಿ, ಬೇರೆ ಹಾಕಿದ್ರೆ ವಾರಂಟಿ ಸಿಗಲ್ವಂತೆ' ಅನ್ನಿ. ವಾರಂಟಿ ಅಂದರೆ ಯಾರೂ ವಾದ ಮಾಡೋಲ್ಲ.

ಊರಿಗೆ ಹೊರಡುವಾಗ ಸರಿಯಾದ ನಂಬರಿನ ಒಂದು ಲೀಟರ್ ಸೀಲ್ಡ್ ಡಬ್ಬಿ ಡಿಕ್ಕಿಯಲ್ಲಿಟ್ಟುಕೊಳ್ಳಿ. ಹಳ್ಳಿ ಅಂಗಡಿಯಲ್ಲಿ ಟ್ರ್ಯಾಕ್ಟರ್, ಬೈಕಿನ ಆಯಿಲ್ ಸಿಗುತ್ತೆ, 0ಡಬ್ಲ್ಯು-20 ಸಿಗುವ ಖಾತ್ರಿ ಇಲ್ಲ. ಆಯಿಲ್ ತೀರಾ ಕಡಿಮೆಯಾಗಿ ಸರಿಯಾದ್ದು ಎಲ್ಲೂ ಸಿಗದೇ ಹೋದರೆ, ಹತ್ತಿರದ ನಂಬರಿನ ಕಾರಿನ ಆಯಿಲನ್ನೇ ಬೇಕಾದಷ್ಟು ಸ್ವಲ್ಪ ಹಾಕಿ. ಒಣಗಿದ ಎಂಜಿನ್ ಓಡಿಸುವುದಕ್ಕಿಂತ ಅದು ಮೇಲು. ವಾಪಸು ಬಂದ ಕೂಡಲೇ ಸರ್ವೀಸಿನವರಿಗೆ ಹೇಳಿ.

ಕಡಿಮೆ ಓಡಿಸೋರು ಇದನ್ನು ಓದಿ

'ನಮ್ಮ ಕಾರು ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿದರೆ ಹೆಚ್ಚು, ಆಯಿಲ್ ಯಾಕೆ ಬದಲಿಸಬೇಕು?' ಅನ್ನೋರು ನಮ್ಮಲ್ಲಿ ಬಹಳ. ಬಹುತೇಕ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಶಾಲೆಗೆ ಎರಡು ಕಿ.ಮೀ., ತರಕಾರಿಗೆ ಒಂದು ಕಿ.ಮೀ. ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಕಾಯೋದೇ ಇಲ್ಲ. ಒಳಗಿನ ತೇವ, ಉರಿಯದ ಪೆಟ್ರೋಲ್ ಆಯಿಲಿಗೆ ಸೇರುತ್ತವೆ, ಆಯಿಲ್ ತೆಳುವಾಗಿ ಕೆಡುತ್ತೆ. ಕಂಪನಿಗಳ ಪುಸ್ತಕದಲ್ಲಿ ಇಂಥ ಚಿಕ್ಕ ಓಡಾಟ, ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗೋದು, ಧೂಳಿನ ರಸ್ತೆ ಎಲ್ಲವನ್ನೂ 'ಕಠಿಣ ಬಳಕೆ' ಎಂದೇ ಕರೆದು ಬೇಗ ಬದಲಿಸಲು ಹೇಳಿರುತ್ತಾರೆ. ಬೆಂಗಳೂರಿನ ನಮ್ಮ ದಿನಚರಿ ಊರಿನ ಮಣ್ಣು ರಸ್ತೆಗಿಂತ ಎಂಜಿನ್ನಿಗೆ ಹಗುರವೇನಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ತೇವ ಆರುತ್ತದೆ.

ಐದು ನಿಮಿಷದ ಪರೀಕ್ಷೆ

ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮೊದಲು ತಪ್ಪದೇ ಮಾಡಿ. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಹಳೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಮೇಲಿನ ಗುರುತು ದಾಟಿಸಬೇಡಿ. ಹೆಚ್ಚಾದರೆ ನೊರೆಯೆದ್ದು ಕೆಲಸ ಕೆಡುತ್ತೆ. ಬಣ್ಣ ಕಪ್ಪಾಗಿದ್ದರೆ ಗಾಬರಿ ಬೇಡ, ಅದು ಕೊಳೆ ಹಿಡಿಯುತ್ತಿದೆ ಎಂದರ್ಥ. ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಸೇರಿರಬಹುದು, ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಿ.

ಸರ್ವೀಸಿಗೆ ಹೋದಾಗ

* ಜಾಬ್ ಕಾರ್ಡಿನಲ್ಲಿ ಆಯಿಲಿನ ನಂಬರ್ ಬರೆಸಿ. 'ಎಂಜಿನ್ ಆಯಿಲ್' ಎಂದಷ್ಟೇ ಇದ್ದರೆ ಸಾಲದು.

* ಹೊರಗಿನ ಗ್ಯಾರೇಜಾದರೆ ಸೀಲ್ ನಿಮ್ಮೆದುರೇ ಒಡೆಯಲಿ. ಖಾಲಿ ಡಬ್ಬಿ ಕೇಳಿ ಪಡೆಯಿರಿ, ಬಿಲ್ ಜೋಪಾನವಾಗಿಡಿ.

* ಆಯಿಲ್ ಜತೆಗೆ ಆಯಿಲ್ ಫಿಲ್ಟರೂ ಬದಲಾಗಲಿ. ಹಳೇ ಪಾತ್ರೆ ತೊಳೆಯದೆ ಹೊಸ ಹಾಲು ಕಾಯಿಸುತ್ತೀವಾ?

* ಹೊಸ ಕಾರಿಗೆ 'ಎಂಜಿನ್ ಫ್ಲಶ್', 'ಸ್ಪೆಷಲ್ ಟಾನಿಕ್' ಅಂತ ಸೇರಿಸಿದರೆ, ಮ್ಯಾನ್ಯುಯಲ್ಲಿನಲ್ಲಿ ಎಲ್ಲಿದೆ ತೋರಿಸಿ ಅನ್ನಿ.

* ಓಡಿಸುವಾಗ ಹನಿ ತೊಟ್ಟಿಕ್ಕುವ ಕುಡಿಕೆಯಂಥ ಕೆಂಪು ದೀಪ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. 'ಮನೆ ಹತ್ತಿರವೇ ಇದೆಯಲ್ಲ' ಅಂತ ಓಡಿಸಬೇಡಿ. ಕೆಲವೇ ನಿಮಿಷದಲ್ಲಿ ಎಂಜಿನ್ ಹಿಡಿದುಕೊಂಡುಬಿಡಬಹುದು.

* ಊರಲ್ಲೇ ಆಯಿಲ್ ಬದಲಿಸಿದರೆ ತೆಗೆದ ಹಳೇ ಆಯಿಲನ್ನು ಚರಂಡಿಗೋ ತೋಟಕ್ಕೋ ಚೆಲ್ಲಬೇಡಿ. ಗೆದ್ದಲಿಗೆ ಬಳಿಯೋಣ ಅಂತ ಬರಿಗೈಯಲ್ಲಿ ಮುಟ್ಟುವುದೂ ಬೇಡ, ಅದು ಚರ್ಮಕ್ಕೆ ಕೆಟ್ಟದ್ದು. ಬಾವಿ, ಕೆರೆ ಪಕ್ಕದಲ್ಲೇ ಇರುವ ಮಲೆನಾಡಿನ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಡಬ್ಬಿಗೆ ತುಂಬಿ ಗ್ಯಾರೇಜಿಗೇ ಕೊಡಿ.

ಈಗಲೇ ಒಂದು ಕೆಲಸ ಮಾಡಿ. ಮ್ಯಾನ್ಯುಯಲ್ ತೆರೆದು ನಂಬರ್, ದರ್ಜೆ, ಲೀಟರ್ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಬದಿಗೆ ಅಂಟಿಸಿ, ಮೊಬೈಲಿನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಕೌಂಟರಿನ ಹುಡುಗ 'ಸರ್‌ನ ಕೇಳಿ ಹೇಳ್ತೀರಾ ಮೇಡಂ?' ಅಂದರೆ, 'ಬೇಡಪ್ಪ, 0ಡಬ್ಲ್ಯು-20, ಎಸ್‌ಪಿ, ಇಷ್ಟೇ ಲೀಟರ್. ಡಬ್ಬಿ ತೋರಿಸಿ ಹಾಕಿ' ಅನ್ನಿ.